ಹೊಳೆ ಅಜ್ಜಿ ಹಗ್ಗ ಬಿಡಲಿಲ್ಲ

ಬಸ್ಸು ಹತ್ತುವ ಮೊದಲು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಳ್ಳುವ ಒಬ್ಬಳೇ ಒಬ್ಬ ಅಜ್ಜಿಯನ್ನು ನಾನು ಕಂಡಿದ್ದೇನೆ. ಬನ್ನೇರುಘಟ್ಟ ರಸ್ತೆಯ ನೂಕುನುಗ್ಗಲಿನಲ್ಲೂ ಬೆರಳುಗಳು ಬಿಡಿಬಿಡಿಯಾದ ಆ ಅಗಲ ಪಾದಗಳು ಬರಿದಾಗಿಯೇ ಮೆಟ್ಟಿಲೇರುತ್ತಿದ್ದವು. “ಅಜ್ಜಿ, ಇದು ದೇವಸ್ಥಾನ ಅಲ್ಲ, ಚಪ್ಲಿ ಹಾಕ್ಕೊಳ್ಳಿ” ಎಂದು ಕಂಡಕ್ಟರ್ ನಗುತ್ತಿದ್ದ. “ಇರ್ಲಿ ಬಿಡೋ ಯಪ್ಪಾ, ಹರಗೋಲು ಹತ್ತಿದ ಕಾಲು, ರೂಢಿ ಬಿಡಂಗಿಲ್ಲ” ಎನ್ನುತ್ತಿದ್ದಳು.

ಕೃಷ್ಣಾ ನದಿಯ ನಡುಗಡ್ಡೆಯೊಂದರಿಂದ ಬಂದವಳಾದ್ದರಿಂದ ನಮಗೆಲ್ಲ ಅವಳು ಹೊಳೆ ಅಜ್ಜಿ. ಹುಳಿಮಾವು ಕೆರೆಯ ಕೆಳಗಿನ ನಮ್ಮ ಮನೆಯ ನಡು ಮಹಡಿಯಲ್ಲಿ ಮಗನೊಂದಿಗೆ ಬಾಡಿಗೆಗಿದ್ದಳು. ಮಗನಿಗೆ ಬಿಟಿಎಂನಲ್ಲಿ ಆಫೀಸು ಕೆಲಸ. ಕೆಳಗೆ ನಾವು, ಮೇಲೆ ದೊಡ್ಡಪ್ಪ. ಪಕ್ಕದ ಒಂದು ಪಟ್ಟಿ ಜಾಗಕ್ಕಾಗಿ ಅಪ್ಪನೂ ದೊಡ್ಡಪ್ಪನೂ ಮಾತು ಬಿಟ್ಟು ವರ್ಷಗಳೇ ಕಳೆದಿದ್ದವು. ಅವರಿಬ್ಬರ ನಡುವೆ ಹೋಗಬೇಕಾದ ಮಾತೆಲ್ಲ ಅಜ್ಜಿಯ ಬಾಯಲ್ಲೇ ಹೋಗುತ್ತಿತ್ತು. “ಟ್ಯಾಂಕು ತುಂಬಿ ಸುರೀತಿದೆ, ಅವ್ನಿಗೆ ಕಣ್ಣು ಕಾಣಲ್ವಾ ಕೇಳಿ” ಎಂದು ಅಪ್ಪ ರೇಗಿದರೆ, ಅಜ್ಜಿ ಮೇಲೆ ಹೋಗಿ “ನೀರು ಸಾಕಾತೇನು ಅಂತ ತಮ್ಮ ಕೇಳಾಕತ್ಯಾನ” ಎನ್ನುತ್ತಿದ್ದಳು. ದೊಡ್ಡಪ್ಪನ ಬೈಗುಳವೂ ಕೆಳಗೆ ಇಳಿಯುವಷ್ಟರಲ್ಲಿ ಕುಶಲ ಪ್ರಶ್ನೆಯಾಗಿರುತ್ತಿತ್ತು. ಇಷ್ಟು ಚೆನ್ನಾಗಿ ಸುಳ್ಳು ಹೇಳುವವರನ್ನು ನಾನು ಮತ್ತೆ ನೋಡಿಲ್ಲ.

ರೊಟ್ಟಿ ಬಡಿಯುತ್ತಾ ಅವಳು ಮೇಲಿನವರಿಗೂ ಕೆಳಗಿನವರಿಗೂ ಊರ ಹರಿಗೋಲಿನ ಕತೆ ಹೇಳುತ್ತಿದ್ದಳು. ಅಕ್ಕಪಕ್ಕದ ನಡುಗಡ್ಡೆಗಳಿಗೆಲ್ಲ ಅದೊಂದೇ ದಾರಿ. ಬಿದಿರು ಹೆಣೆದು ಚರ್ಮ ಹೊದಿಸಿದ ಆ ದುಂಡು ದೋಣಿಗೆ ಒಡೆಯನೆಂಬವನಿರಲಿಲ್ಲ. ಮದುವೆಯಾದ ಮನೆಯವರು ಅದಕ್ಕೆ ಹೊಸ ಬಿದಿರು ಕೊಡಬೇಕು. ಸುಗ್ಗಿಯಲ್ಲಿ ಪ್ರತಿ ಮನೆಯ ರಾಶಿಯಿಂದ ಅಂಬಿಗನಿಗೆ ಒಂದು ಮೊರ ಜೋಳ. ಆಚೆ ದಂಡೆಯಿಂದ ಯಾರು ಕೂಗಿದರೂ ಹೋಗಿ ಕರೆತರಬೇಕು. “ನನ್ನ ಮದುವಿ ಬಿದಿರೂ ಅದ್ರಾಗ ಐತಿ” ಎನ್ನುವಾಗ ಅವಳ ಮುಖ ನೋಡಬೇಕಿತ್ತು. ಕಾಲ ಕಳೆದಂತೆ ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದವು.

ಒಮ್ಮೆ ಮಾತು ಬಿಟ್ಟ ದಾಯಾದಿಗಳಿಬ್ಬರು ಎದುರುಬದುರು ಕುಳಿತು ಹೊಳೆ ದಾಟುತ್ತಿದ್ದರಂತೆ. ಒಬ್ಬನ ಕೆಳಗೆ ನೀರು ಜಿನುಗುವುದನ್ನು ಇನ್ನೊಬ್ಬ ನೋಡಿದ. ಹಟಕ್ಕೆ ಬಾಯಿ ಬಿಡಲಿಲ್ಲ. “ಜೋಳದ ಚೀಲ ಹೋದ್ವು, ಆಡು ಹೋದ್ವು, ಮಂದಿ ಹೆಂಗೋ ಉಳಿದ್ರು” ಎನ್ನುತ್ತಿದ್ದಳು ಅಜ್ಜಿ. ಅಂದಿನಿಂದ ಒಂದು ಕಟ್ಟಳೆ: ಮಾತು ಬಿಟ್ಟವರು ಒಬ್ಬರನ್ನೊಬ್ಬರು “ಕುಂತೀಯೇನಪಾ?” ಎಂದು ಕೇಳಿ, “ಕುಂತೀನಿ” ಎಂಬ ಉತ್ತರ ಬಂದ ಮೇಲೇ ಅಂಬಿಗ ಹುಟ್ಟು ಹಾಕುವುದು. ದಡ ಸೇರಿದ ಮೇಲೆ ಬೇಕಾದರೆ ಮತ್ತೆ ಮುಖ ತಿರುಗಿಸಬಹುದು.

ಒಂದು ಮಳೆಗಾಲದಲ್ಲಿ ನಮ್ಮ ಬೀದಿಗೇ ಕೆರೆ ಬಂತು. ಕೆಳಮನೆ ಮುಳುಗಿ ನಾವೆಲ್ಲ ಅಜ್ಜಿಯ ಮನೆ ಸೇರಿದೆವು. ಬೆಳಗ್ಗೆ ಹುಡುಗರು ರಬ್ಬರ್ ದೋಣಿ ತಂದರು. ಅಜ್ಜಿ ಚಪ್ಪಲಿ ಕೈಯಲ್ಲಿ ಹಿಡಿದು ಮೊದಲು ಹತ್ತಿದಳು, ಹಿಂದೆಯೇ ಅಪ್ಪ ಮತ್ತು ನಾನು. ದೊಡ್ಡಪ್ಪ ಮೆಟ್ಟಿಲಲ್ಲೇ ನಿಂತು “ಅವ್ನು ಹೋಗ್ಲಿ, ನಾನು ಆಮೇಲೆ ಬರ್ತೀನಿ” ಎಂದರು.

“ಅಂಕಲ್, ಇನ್ನೊಂದು ಟ್ರಿಪ್ ಗ್ಯಾರಂಟಿ ಇಲ್ಲ. ಬೇಗ ಹತ್ತಿ” ಎಂದ ದೋಣಿಯ ಹುಡುಗ.

ಗೊಣಗುತ್ತಾ ಹತ್ತಿದರು. ಇನ್ನೇನು ಹೊರಡಬೇಕು, ಗೇಟಿಗೆ ಕಟ್ಟಿದ್ದ ಹಗ್ಗವನ್ನು ಅಜ್ಜಿ ಗಟ್ಟಿಯಾಗಿ ಹಿಡಿದುಕೊಂಡಳು. “ಇಬ್ರೂ ಕೇಳ್ರಿ. ಕೇಳೂಮಟ ನಾ ಹಗ್ಗ ಬಿಡಂಗಿಲ್ಲ.”

ಹುಡುಗನಿಗೆ ಏನೂ ಅರ್ಥವಾಗಲಿಲ್ಲ. ಅಕ್ಕಪಕ್ಕದ ತಾರಸಿಗಳಲ್ಲಿ ಮೊಬೈಲ್ ಹಿಡಿದು ನಿಂತಿದ್ದವರಿಗೂ ಆಗಲಿಲ್ಲ. ಅಪ್ಪ ನೀರು ನೋಡಿದರು, ದೊಡ್ಡಪ್ಪ ಆಕಾಶ ನೋಡಿದರು. ನನಗೋ ನಾಚಿಕೆ, ಭಯ, ಎರಡೂ. ಕೊನೆಗೆ ದೊಡ್ಡಪ್ಪ ಆಕಾಶವನ್ನೇ ಕೇಳುವವರಂತೆ ಕೇಳಿದರು: “ಕೂತ್ಕೊಂಡ್ಯೇನೋ?”

“ಹ್ಞೂಂ, ಕೂತ್ಕೊಂಡೆ.” ಅಪ್ಪ ದೋಣಿಯ ತಳ ನೋಡಿ ಸೇರಿಸಿದರು, “ಆ ಕಡೆ ಒದ್ದೆ ಇದೆ. ಈ ಕಡೆ ಸರ್ಕೋ.”

ದೊಡ್ಡಪ್ಪ ಸರಿದರು. ಅಜ್ಜಿ ಹಗ್ಗ ಬಿಟ್ಟಳು.

ಹಾಗೆಂದು ಅವರು ರಾಮಲಕ್ಷ್ಮಣರಾಗಲಿಲ್ಲ. ಎದುರಾದಾಗ ಒಂದೊಂದು ಮಾತು, ಅಷ್ಟೇ. ಉಳಿದದ್ದೆಲ್ಲ ಮತ್ತೆ ಅಜ್ಜಿಯ ಮೂಲಕವೇ.

ಊರಿಗೆ ಸೇತುವೆಯಾಯಿತು, ಹರಿಗೋಲು ದಂಡೆಯಲ್ಲಿ ಬೋರಲಾಗಿ ಬಿದ್ದಿದೆ ಎಂದು ಮಗ ಹೇಳಿದಾಗ ಅಜ್ಜಿ “ಚಲೋ ಆತು, ಬಸುರಿ ಬಾಣಂತ್ಯಾರು ಬದುಕ್ಕೋತಾರ” ಎಂದಳು. ಆ ರಾತ್ರಿ ಮಾತ್ರ ಅವಳು ಊಟ ಮಾಡಲಿಲ್ಲ.

ಹೋದ ವರ್ಷ, ನಾಲ್ಕು ದಿನದ ಜ್ವರದಲ್ಲಿ ಅಜ್ಜಿ ಹೋಗಿಬಿಟ್ಟಳು. ಮಗ ಮಣ್ಣಿಗೆ ಊರಿಗೇ ಒಯ್ದ. ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಅಪ್ಪ, ದೊಡ್ಡಪ್ಪ ಇಬ್ಬರೂ ಕುಳಿತರು. ದಾರಿಯುದ್ದಕ್ಕೂ ಒಂದು ಮಾತಿಲ್ಲ. ಇನ್ನು ಇವರ ನಡುವೆ ಓಡಾಡುವವರು ಯಾರು ಎಂದು ನನಗೆ ಸಂಕಟವಾಗುತ್ತಿತ್ತು. ಸೇತುವೆಯನ್ನು ಕಾರು ಕಣ್ಣು ಮಿಟುಕಿಸುವುದರೊಳಗೆ ದಾಟಿತು.

ವಾಪಸು ಬರುವಾಗ ದೊಡ್ಡಪ್ಪ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: “ಅಜ್ಜಿ ಇಲ್ಲ. ಇನ್ಮೇಲೆ ಏನಿದ್ರೂ ನೀನೇ ಬಂದು ಹೇಳು.”

“ನಂಗೆ ಮಂಡಿನೋವು. ನೀನೇ ಇಳ್ದು ಬಾ.”

“ನಿಂಗೊಬ್ನಿಗೇನಾ ಮಂಡಿ ಇರೋದು?”

ಅಲ್ಲಿಂದ ಶುರುವಾದ ಜಗಳ ಮಂಡಿ ಬಿಟ್ಟು, ಮೆಟ್ಟಿಲು ಬಿಟ್ಟು, ಆ ಪಟ್ಟಿ ಜಾಗಕ್ಕೆ ಬಂದು, ತುಮಕೂರು ದಾಟಿದರೂ ನಿಲ್ಲಲಿಲ್ಲ. ಇಷ್ಟು ವರ್ಷ ನುಂಗಿಕೊಂಡಿದ್ದನ್ನೆಲ್ಲ ಒಬ್ಬರ ಮುಖಕ್ಕೆ ಒಬ್ಬರು ಹೇಳುತ್ತಿದ್ದರು. ಡ್ರೈವರ್ ಗಾಬರಿಯಿಂದ ನನ್ನ ಮುಖ ನೋಡಿದ. ನಾನು ಕಣ್ಣೊರೆಸಿಕೊಂಡು, ನಿಧಾನವಾಗಿಯೇ ಓಡಿಸಪ್ಪ ಎಂದೆ.