ಯಾಟ್ ಕೊಂಡ ಶೀನಣ್ಣ

ನಮ್ಮ ಭಾವ ಶೀನಣ್ಣ ಯಾಟ್ ಎಂಬ ವಿಹಾರದ ದೋಣಿ ಕೊಂಡ ವಿಷಯ ಎತ್ತಿದರೆ ಚಾಮರಾಜಪೇಟೆಯಲ್ಲಿ ಈಗಲೂ ನಗುತ್ತಾರೆ. ಸಮುದ್ರವಿಲ್ಲದ ಊರಿನವರಿಗೆ ಇದೆಂಥ ಹುಚ್ಚು ಎಂದು ನಾನೂ ರೇಗಿದ್ದೆ. ಭಾವ ಸುಲ್ತಾನ್‌ಪೇಟೆಯಲ್ಲಿ ಮದುವೆ ಪತ್ರಿಕೆ ಮಾರಿಕೊಂಡೇ ತಲೆ ಹಣ್ಣಾಗಿಸಿಕೊಂಡ ಮನುಷ್ಯ. ಜನ ಮೊಬೈಲಿನಲ್ಲೇ ಮದುವೆಗೆ ಕರೆಯತೊಡಗಿದ ಮೇಲೆ ಅಂಗಡಿಯನ್ನು ಕೊಟ್ಟುಬಿಟ್ಟರು. ಬಂದ ದುಡ್ಡಿನಲ್ಲಿ ಮಂಗಳೂರಿನಲ್ಲಿ ನಿಂತಿದ್ದ ಸೆಕೆಂಡ್ ಹ್ಯಾಂಡ್ ಯಾಟೊಂದನ್ನು ಕೊಂಡರು. ತೀರಾ ದೊಡ್ಡದೇನಲ್ಲ, ಒಂದು ಹಾಯಿ, ಒಂದು ಎಂಜಿನ್ನು, ಒಳಗೆ ನಾಲ್ಕು ಜನ ಮಲಗುವಷ್ಟು ಜಾಗ. ಇದಕ್ಕೆಲ್ಲ ಕಾರಣ ನನ್ನ ಅಕ್ಕ ಗೋದಾ. ದಡ ಕಾಣದಷ್ಟು ದೂರ ಹೋಗಿ, ಸುತ್ತ ಬರೀ ನೀರಿರುವಲ್ಲಿ ಕೂತು ಕಾಫಿ ಕುಡಿಯಬೇಕು ಎಂದು ಮದುವೆಯಾದ ಹೊಸದರಲ್ಲಿ ಆಸೆಪಟ್ಟಿದ್ದಳಂತೆ. ಹೇಳಿದವಳು ಮರೆತಿದ್ದಳು, ಕೇಳಿದವರು ಮರೆತಿರಲಿಲ್ಲ.

ಯಾಟನ್ನು ಕೊಂಡಷ್ಟು ಸುಲಭವಾಗಿ ಸಾಕಲಾಗುವುದಿಲ್ಲ. ತಳಕ್ಕೆ ಚಿಪ್ಪು ಹತ್ತುತ್ತದೆ, ಇಡೀ ಯಾಟನ್ನು ನೀರಿನಿಂದ ಮೇಲೆತ್ತಿ ಕೆರೆಸಬೇಕು. ಎಂಜಿನ್ನು ಸರಿಹೋಯಿತು ಅನ್ನುವಷ್ಟರಲ್ಲಿ ಹಾಯಿ ಹರಿದಿರುತ್ತದೆ. ಮಳೆಗಾಲವಿಡೀ ಕಟ್ಟಿಹಾಕಿ ಬಾಡಿಗೆ ತೆರಬೇಕು. ನಡೆಸಲು ಅಲ್ಲಿನವನೊಬ್ಬನನ್ನು ಇಟ್ಟುಕೊಂಡಿದ್ದರೂ ಪ್ರತಿಯೊಂದಕ್ಕೂ ಭಾವನೇ ಹೋಗಬೇಕು. ಮಂಗಳೂರು ಬಸ್ಸು ಹತ್ತಿ ಇಳಿದು ಅವರ ಸೊಂಟ ಬಿದ್ದುಹೋಯಿತು. "ಮುಂದಿನ ತಿಂಗಳು ಖಂಡಿತ ಹೋಗೋಣ ಗೋದಾ" ಅನ್ನುವುದು ಆ ಮನೆಯ ಮಾಮೂಲಿ ಮಾತಾಯಿತು.

ಕೊನೆಗೆ ಎಲ್ಲ ಸರಿಹೋಗಿ, ಹೊರಡುವ ದಿನವೂ ಗೊತ್ತಾದ ವಾರವೇ ಪಕ್ಕದ ಮನೆಯ ದಾಕ್ಷಾಯಣಮ್ಮನವರ ಯಜಮಾನರು ತೀರಿಕೊಂಡರು. "ಇವ್ರು ತಮ್ಮ ಅಸ್ಥೀನ ಸಮುದ್ರದಲ್ಲಿ ಬಿಡ್ಬೇಕು ಅಂತಿದ್ರು ಶೀನಣ್ಣ. ನಿಮ್ದೇ ದೋಣಿ ಇದ್ಯಲ್ಲ" ಎಂದು ಆಕೆ ಕಣ್ಣೊರೆಸಿಕೊಂಡರು.

"ಮೊದ್ಲು ಅವ್ರದ್ದು ಮುಗಿಸ್ಕೊಂಡ್ಬನ್ನಿ, ನಮ್ದೇನು ಅವಸರ" ಎಂದವಳು ಅಕ್ಕನೇ.

ಧರ್ಮಕಾರ್ಯಕ್ಕೆ ದುಡ್ಡು ಮುಟ್ಟಬಾರದೆಂದು ಭಾವ ಡೀಸೆಲ್ ಖರ್ಚನ್ನೂ ತೆಗೆದುಕೊಳ್ಳಲಿಲ್ಲ. ಅದೇ ಅವರು ಮಾಡಿದ ದಡ್ಡತನ. ಕಾಸು ಕೇಳಿದ್ದರೆ ಮುಂದಿನವರು ಎಂದಿನಂತೆ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದರು. ಪುಕ್ಕಟೆ ಎಂದು ಗೊತ್ತಾದದ್ದೇ ತಡ, ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಯಾರ ಮನೆಯಲ್ಲಿ ಸಾವಾದರೂ ಭಾವನಿಗೆ ಫೋನು ಬರತೊಡಗಿತು. ದುಃಖದಲ್ಲಿ ಕೇಳುವವರಿಗೆ ಇಲ್ಲ ಅನ್ನಲು ಅವರಿಗೆ ಬಾಯಿ ಬಾರದು. ನನಗೋ ಮೈಯೆಲ್ಲ ಉರಿಯುತ್ತಿತ್ತು. ಅಕ್ಕನ ಸರದಿ ಒಂದೊಂದು ಅಸ್ಥಿಗೂ ಹಿಂದೆ ಹೋಯಿತು. ಭಾವ ವಾಪಸು ಬಂದಾಗಲೆಲ್ಲ ಹಿತ್ತಲಲ್ಲೇ ನೀರು ಹೊಯ್ದು, ಬಟ್ಟೆಗಳನ್ನು ಬೇರೆಯಾಗಿ ನೆನೆಹಾಕಿ ಅವಳು ಒಳಗೆ ಕರೆಯುತ್ತಿದ್ದಳು. ಕ್ರಮೇಣ ಯಾವಾಗ ಹೋಗೋಣ ಎಂದು ಕೇಳುವುದನ್ನೂ ಬಿಟ್ಟಳು.

ಕಳೆದ ಮಾಘದಲ್ಲಿ ಶ್ರೀರಾಂಪುರದ ದೊಡ್ಡಬೈರಪ್ಪ ಎಂಬವರು ತಮ್ಮ ಅಣ್ಣನ ಅಸ್ಥಿಯ ವಿಷಯಕ್ಕೆ ಫೋನ್ ಮಾಡಿದರು. ನಾನು ಎದುರಿಗೇ ಇದ್ದೆ. ಭಾವ ಕಣ್ಣು ಮುಚ್ಚಿಕೊಂಡು, "ತಪ್ಪು ತಿಳ್ಕೋಬೇಡಿ ಸ್ವಾಮಿ, ಈ ಸಲ ಆಗಲ್ಲ" ಎಂದರು. ಎದ್ದು ಅವರನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು ನನಗೆ.

ಭಾವ ನೇರವಾಗಿ ಅಡುಗೆಮನೆಗೆ ಹೋದರು, ಹಿಂದೆಯೇ ನಾನೂ. "ಗೋದಾ, ಭಾನುವಾರ ಹೊರಟ್ಬಿಡೋಣ. ಯಾರಿಗೂ ಒಪ್ಕೊಂಡಿಲ್ಲ, ನಾವಿಬ್ರೇ."

ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅಕ್ಕ ತಲೆಯೆತ್ತಲಿಲ್ಲ. "ಪಾಪ, ಫೋನ್ ಮಾಡಿದ್ರಲ್ಲ, ಅವ್ರನ್ನೇ ಕರ್ಕೊಂಡ್ಹೋಗಿ. ನಾನು ಸತ್ಮೇಲೆ ಹೇಗಿದ್ರೂ ಅದ್ರಲ್ಲೇ ತಾನೆ ನನ್ನನ್ನೂ ಕರ್ಕೊಂಡ್ಹೋಗೋದು?"

ಚುಚ್ಚಿ ಆಡಿದ ಮಾತಾಗಿದ್ದರೆ ಭಾವ ಹೇಗೋ ರಮಿಸುತ್ತಿದ್ದರು. ಅವಳು ಹಾಲಿನವನಿಗೆ ನಾಳೆ ಅರ್ಧ ಲೀಟರ್ ಸಾಕು ಎನ್ನುವ ಹಾಗೆ ಹೇಳಿದಳು. ಭಾವ ಬಾಗಿಲಿಗೆ ಒರಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು.

ಅಷ್ಟರಲ್ಲಿ ಅವರ ಫೋನು ಮತ್ತೆ ಬಡಿದುಕೊಂಡಿತು. ನನಗೆ ತಡೆಯಲಾಗಲಿಲ್ಲ. ನಾನೇ ಎತ್ತಿ, "ಯಾಟ್ ಮಾರಿಬಿಟ್ರು, ಇನ್ಮೇಲೆ ಫೋನ್ ಮಾಡ್ಬೇಡಿ" ಎಂದು ಸುಳ್ಳು ಹೇಳಿದೆ. ಭಾವ ನನ್ನನ್ನು ನೋಡಿದರು, ಕೈಚಾಚಿ ಫೋನು ತೆಗೆದುಕೊಂಡು ಆಫ್ ಮಾಡಿದರು. ಅಕ್ಕ ಇನ್ನೊಂದು ಹುರುಳಿಕಾಯಿ ಕೈಗೆತ್ತಿಕೊಂಡಳು.