ಶಿವಪುತ್ರಪ್ಪನವರ ಹೆಸರಿನಲ್ಲಿ ತೆರೆದಿದ್ದ ಫೈಲು

ಸತ್ತವರು ಸುಳಿದಾಡುತ್ತಾರೆಂದು ಯಾರಾದರೂ ಹೇಳಿದರೆ ನಾನು ಮೊದಲು ತಾರೀಖು ಕೇಳುತ್ತಿದ್ದೆ, ಆಮೇಲೆ ನಗುತ್ತಿದ್ದೆ. ಈ ಸಂಗತಿಯ ತಾರೀಖು ನನ್ನ ಡೈರಿಯಲ್ಲೇ ಇದೆ: 2003, ಮಾರ್ಚ್ 12. ನಗು ಮಾತ್ರ ಬರುವುದಿಲ್ಲ.

ಆಗ ನಾನು ಹುಬ್ಬಳ್ಳಿಯ ಒಂದು ಲಾರಿ ಸಾಗಣೆ ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಲಾರಿಗೆ ಹೇರುವ ಸರಕಿನ ಪಟ್ಟಿ ದೊಡ್ಡ ಸರ್ವರಿನಲ್ಲಿ ತಯಾರಾಗುತ್ತಿತ್ತು. ಸಂಜೆ ಅದನ್ನು ಎಲ್ಲರೂ ಬಳಸುವ ವಿಂಡೋಸ್ ಫೋಲ್ಡರಿಗೆ ಕಾಪಿ ಮಾಡಬೇಕು. ಹಿಂದಿನ ದಿನದ ಫೈಲನ್ನು ಯಾರಾದರೂ ತೆರೆದಿಟ್ಟುಕೊಂಡಿದ್ದರೆ ಅದರ ಜಾಗದಲ್ಲಿ ಹೊಸದು ಕೂರುತ್ತಿರಲಿಲ್ಲ. ಹಾಗಾಗಿ ಕಾಪಿಗೆ ಮುಂಚೆ ಎದ್ದು ನಿಂತು "ಫೈಲ್ ಮುಚ್ಚರಿ" ಎಂದು ಕೂಗುವುದು ನಮ್ಮಲ್ಲಿನ ಪದ್ಧತಿ. ಕೂಗುತ್ತಿದ್ದವರು ಶಿವಪುತ್ರಪ್ಪನವರು. ಜನವರಿಯಲ್ಲಿ ಎದೆನೋವು ಬಂದು ತೀರಿಕೊಂಡರು. ಅವರ ಕುರ್ಚಿಗೆ ಮಗಳು ಗಿರಿಜಾ ತಾತ್ಕಾಲಿಕವಾಗಿ ಬಂದಳು. ಮನೆಯಲ್ಲಿ ದುಡಿಯುವವರು ಬೇರೆ ಇರಲಿಲ್ಲ.

ಮಾರ್ಚ್ 12ರ ಹಿಂದಿನ ಎರಡು ದಿನ ಕಾಪಿ ತಡವಾಗಿ, ಪಟ್ಟಿಯಿಲ್ಲದೆ ಲಾರಿಗಳು ನಿಂತಿದ್ದವು. ಕಾರಣ ತಿಳಿಯದೆ ಫೋಲ್ಡರಿದ್ದ ಕಂಪ್ಯೂಟರನ್ನು ಆರಿಸಿ, ಮತ್ತೆ ಚಾಲೂ ಮಾಡಿ ಹೇಗೋ ಸಾಗಿಸಿದ್ದೆ. ಮೂರನೆಯ ದಿನವೂ ಲಾರಿ ನಿಂತರೆ ಬೇರೆಯವರನ್ನು ಕೂರಿಸುತ್ತೇನೆಂದು ಮ್ಯಾನೇಜರ್ ಅವಳಿಗೆ ಹೇಳಿಬಿಟ್ಟಿದ್ದರು.

ಅಂದು ಅವಳು ಕೂಗಿದಳು. "ಮುಚ್ಚೇವವ್ವಾ, ಬಾಯಿ ಸುದ್ದಾ ಮುಚ್ಚೇವಿ," ಎಂದರು ಬುಕಿಂಗ್ ವಿಭಾಗದ ಮಕಾನದಾರ ಕಾಕಾ. ಆದರೂ ಕಾಪಿ ಆಗಲಿಲ್ಲ. ಯಾರು ತೆರೆದಿದ್ದಾರೆಂದು ನೋಡಲು ಅವಳ ಪಕ್ಕ ಕುಳಿತೆ. ಪರದೆಯ ಮೇಲೆ ಒಂದೇ ಹೆಸರಿತ್ತು: ಶಿವಪುತ್ರಪ್ಪ.

ಆ ಹೆಸರನ್ನು ಕಂಪ್ಯೂಟರು ಬಳಸುವವರ ಪಟ್ಟಿಯಿಂದ ಫೆಬ್ರವರಿ 3ರಂದು ನಾನೇ ತೆಗೆದುಹಾಕಿದ್ದೆ. ನಮ್ಮ ಮುಂದಿನದೊಂದನ್ನು ಬಿಟ್ಟು ಕಚೇರಿಯ ಕಂಪ್ಯೂಟರುಗಳನ್ನೆಲ್ಲ ಆರಿಸಲು ಹೇಳಿದೆ. ಫೋಲ್ಡರಿದ್ದುದನ್ನು ಮತ್ತೆ ಚಾಲೂ ಮಾಡಿದೆ. ಹೆಸರು ಹಾಗೇ ಇತ್ತು. ಹೊರಗೆ ಡ್ರೈವರುಗಳು ಹಾರ್ನ್ ಹೊಡೆಯತೊಡಗಿದ್ದರು.

ಗಿರಿಜಾ ಎದ್ದು ನಿಂತಳು. ಈ ಸಲ ಕೂಗಲಿಲ್ಲ.

"ಅಪ್ಪಾ, ಸಾಕಿನ್ನ. ಫೈಲ್ ಮುಚ್ಚರಿ," ಎಂದಳು ಮೆಲ್ಲಗೆ.

ನಾನು ಮತ್ತೆ ನೋಡಿದಾಗ ಹೆಸರಿರಲಿಲ್ಲ. ಕಾಪಿ ಆಯಿತು, ಪಟ್ಟಿ ಅಚ್ಚಾಯಿತು, ಲಾರಿಗಳು ಹೊರಟವು. ಅವಳ ನೌಕರಿ ಉಳಿಯಿತೆಂದು ಎಲ್ಲರೂ ಸಮಾಧಾನಪಟ್ಟರು. ಅವಳು ಮಾತ್ರ ನನ್ನ ಬಳಿ ಬಂದು ನಿಂತಳು.

"ಅಣ್ಣಾರ, ಇನ್ನೊಂದ ಸಲ ಕಾಪಿ ಮಾಡ್ರಿ. ತಡೀತೈತೇನ ನೋಡೋಣು."

ಮಾಡಿದೆ. ತಡೆಯಲಿಲ್ಲ. ಮತ್ತೊಮ್ಮೆ ಅಂದಳು. ಮಾಡಿದೆ. ಯಾರೂ ತೆರೆದಿರಲಿಲ್ಲ.

ಹಳೆಯ ಸಂಪರ್ಕವೊಂದು ಸಿಕ್ಕಿಕೊಂಡಿರಬೇಕು ಎನ್ನುತ್ತಾರೆ ಬಲ್ಲವರು. ಇರಬಹುದು. ಆದರೆ ಅದು ಬಿಟ್ಟದ್ದು ಅವಳು ಹೇಳಿದ ಆ ಗಳಿಗೆಯಲ್ಲೇ. ಗಿರಿಜಾಳ ನೌಕರಿ ಮುಂದೆ ಕಾಯಂ ಆಯಿತು. ಸಂಜೆ ಕೂಗುವ ಕೆಲಸವನ್ನು ಮಾತ್ರ ಮರುದಿನವೇ ಮಕಾನದಾರ ಕಾಕಾರಿಗೆ ವಹಿಸಿದಳು. "ಫೈಲ್ ಮುಚ್ಚರಿ" ಎಂಬ ಮಾತನ್ನು ಅವಳ ಬಾಯಿಂದ ನಾನು ಮತ್ತೆ ಕೇಳಲಿಲ್ಲ.