ವಿಮಾನ ಹೋಗುವವರೆಗೆ

ತಲೆಯ ಮೇಲೆ ವಿಮಾನ ಹಾದರೆ ಸಾಮ್ಯುವೆಲ್ ಮಾಸ್ಟ್ರು ವಾಕ್ಯದ ನಡುವೆಯೇ ಓದು ನಿಲ್ಲಿಸಿ ಬಲಗೈ ಎತ್ತುತ್ತಿದ್ದರು. ಸದ್ದು ಪೂರ್ತಿ ಅಡಗಿದ ಮೇಲೆ, ಬಿಟ್ಟ ಪದದಿಂದಲೇ ಮುಂದುವರಿಯುತ್ತಿದ್ದರು. ವಿಮಾನ ನಿಲ್ದಾಣದ ಪಕ್ಕದ ಬಜಪೆಯ ಅವರ ಮನೆಯ ಚಾವಡಿಯಲ್ಲಿ ಪ್ರತಿ ಭಾನುವಾರ ಪ್ರಾರ್ಥನೆಗೆ ಸೇರುತ್ತಿದ್ದ ನಾವು, ಮಕ್ಕಳೂ ಸೇರಿ ಹತ್ತು ಹನ್ನೆರಡು ಮಂದಿ, ಸುಮ್ಮನೆ ಕಾಯಬೇಕಿತ್ತು. "ದೇವರ ಮಾತು ಅರ್ಧ ಕೇಳಿದ್ರೆ ಕೇಳದ ಹಾಗೇ" ಎನ್ನುವುದು ಅವರ ವಾದ.

ಅವರು ಶಾಲೆಯ ಮಾಸ್ಟ್ರಲ್ಲ. ಪಣಂಬೂರಿನ ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಮಕ್ಕಳಿಗೆ ಬೈಬಲ್ ಪಾಠ ಹೇಳಿಕೊಟ್ಟು ಮಾಸ್ಟ್ರಾದರು. ಪ್ರಾರ್ಥನೆಗೆ ಮೊದಲು ಕಿಟಕಿಗಳನ್ನೆಲ್ಲ ತಾವೇ ತೆರೆಯುತ್ತಿದ್ದರು. ಪ್ರಾರ್ಥಿಸಿದವರನ್ನು ಸಿಂಹಗಳ ಗವಿಗೆ ಎಸೆಯಬೇಕೆಂಬ ರಾಜಾಜ್ಞೆ ಗೊತ್ತಿದ್ದೂ ಬೈಬಲಿನ ದಾನಿಯೇಲನು ಕಿಟಕಿ ತೆರೆದಿಟ್ಟೇ ಪ್ರಾರ್ಥಿಸಿದ ಕಥೆ ಅವರಿಗೆ ಅಚ್ಚುಮೆಚ್ಚು.

ನನಗೆ ಮೆಚ್ಚು ದಾನಿಯೇಲನ ಕನಸಿನ ಮೃಗಗಳು. ಯಾವ ಮೃಗ ಯಾವ ರಾಜ್ಯ, ಅಂತ್ಯಕಾಲಕ್ಕೆ ಇನ್ನೆಷ್ಟು ದಿನ, ಭಕ್ತರಿಗೆ ಹಿಂಸೆ ಯಾವಾಗ ಎಂದೆಲ್ಲ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡ ನಕ್ಷೆ ಬರೆದು ಅವರ ಗೋಡೆಗೆ ಅಂಟಿಸಿದ್ದೆ. ಟಿವಿಯಲ್ಲಿ ಯುದ್ಧದ ಸುದ್ದಿ ಬಂದಾಗಲೆಲ್ಲ ಅದಕ್ಕೊಂದು ಬಾಣದ ಗುರುತು ಸೇರಿಸುತ್ತಿದ್ದೆ. ಮಾಸ್ಟ್ರು ಕನ್ನಡಕ ಏರಿಸಿ ನೋಡಿ ನಗುತ್ತಿದ್ದರು.

"ಪ್ರವಾದನೆ ಅಂದ್ರೆ ಪಂಚಾಂಗ ಅಲ್ಲ ಮಾರಾಯ. ಹಿಂಸೆ ಯಾವಾಗ ಬರ್ತದೆ ಅಂತ ಬಿಡು. ಬಂದಾಗ ನೀನು ಎಲ್ಲಿ ನಿಂತಿರ್ತಿ, ಅದು ಹೇಳು."

"ನಿಮ್ಮ ಪಕ್ಕದಲ್ಲೇ ಮಾಸ್ಟ್ರೇ" ಎನ್ನಲು ನನಗೆ ಕ್ಷಣವೂ ಬೇಕಾಗುತ್ತಿರಲಿಲ್ಲ.

ಅದು ಬಂದದ್ದು ಒಂದು ಭಾನುವಾರ ಬೆಳಿಗ್ಗೆ, ಎರಡನೆಯ ಹಾಡಿನ ಹೊತ್ತಿಗೆ. ಏಳೆಂಟು ಜನ ಅಂಗಳಕ್ಕೆ ನುಗ್ಗಿ, ಇಲ್ಲಿ ಮತಾಂತರ ಮಾಡುತ್ತಿದ್ದೀರಿ ಎಂದು ಕೂಗಾಡಿದರು. ಮಾಸ್ಟ್ರು ಪುಸ್ತಕ ಮಡಚಿ, "ನೀವು ಹಾಡ್ತಾ ಇರಿ, ನಾನು ಮಾತಾಡಿ ಬರ್ತೇನೆ" ಎಂದು ಹೊರಗೆ ಹೋದರು. ಬಾಗಿಲ ಬಳಿ ಕೂತಿದ್ದವನು ನಾನು. ಅವರು ಮೆಟ್ಟಿಲಿಳಿದದ್ದೇ ತಡ, ಬಾಗಿಲೆಳೆದು ಚಿಲಕ ಹಾಕಿದೆ. ಆಮೇಲೆ ಓಡಿಹೋಗಿ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿ ಮತ್ತೆ ಬಾಗಿಲಿಗೆ ಬಂದೆ. ಹಾಡು ನಿಂತಿತು. ಹೊರಗೆ ಏನೋ ಬಿದ್ದ ಸದ್ದಾಯಿತು.

"ರೂಬೆನ್, ಬಾಗಿಲು ತೆಗಿ ಮಾರಾಯ."

ಮಾಸ್ಟ್ರು ಒಂದೇ ಸಲ ಕರೆದರು. ನನ್ನ ಕೈ ಚಿಲಕದ ಮೇಲೆಯೇ ಇತ್ತು. ನಾನು ತೆರೆಯಲಿಲ್ಲ.

ಗದ್ದಲ ಅಡಗಿದ ಮೇಲೆ ತೆರೆದಾಗ ಮಾಸ್ಟ್ರು ಮೆಟ್ಟಿಲಲ್ಲಿ ಕೂತು, ಅಂಗಳದಲ್ಲೆಲ್ಲ ಚೆಲ್ಲಾಪಿಲ್ಲಿಯಾಗಿದ್ದ ನಮ್ಮ ಚಪ್ಪಲಿಗಳನ್ನು ಜೋಡಿ ಮಾಡಿಡುತ್ತಿದ್ದರು. ಅಂಗಿ ಹರಿದಿತ್ತು, ತುಟಿ ಒಡೆದಿತ್ತು, ಕನ್ನಡಕ ಇರಲಿಲ್ಲ. "ಮಕ್ಕಳು ಹೆದರಿದ್ವಾ?" ಎಂದಷ್ಟೇ ಕೇಳಿದರು. ಚಿಲಕದ ಸುದ್ದಿಯನ್ನು ಅಂದೂ ಎತ್ತಲಿಲ್ಲ, ಮುಂದೆಂದೂ ಎತ್ತಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ನನಗೆ. ಮುಂದಿನ ಭಾನುವಾರ ಎಂದಿನಂತೆ ಕಿಟಕಿ ತೆರೆದರು. ನಾನು ಗೋಡೆಯ ನಕ್ಷೆಯನ್ನು ಕಿತ್ತು ಮಡಚಿದೆ.

"ಯಾಕೆ, ಎಂತ ತಪ್ಪು ಉಂಟು ಅದರಲ್ಲಿ?" ಎಂದರು. ನಾನು ಅದನ್ನು ಇನ್ನೂ ಚಿಕ್ಕದಾಗಿ ಮಡಚಿದೆ.

ಈ ವರ್ಷ ಅವರು ಹಾಸಿಗೆ ಹಿಡಿದಾಗ, ಈ ಸಲ ತಪ್ಪೊಪ್ಪಿಕೊಂಡೇ ಬರುವುದೆಂದು ಹೋದೆ. "ಕಿಟಕಿ ತೆಗಿ" ಎಂದರು. ತೆರೆದು ಪಕ್ಕದಲ್ಲಿ ಕೂತೆ. "ಮಾಸ್ಟ್ರೇ, ಆ ದಿನ ಚಿಲಕ..." ಎನ್ನುವಷ್ಟರಲ್ಲಿ ವಿಮಾನ ಬಂತು. ಮಾಸ್ಟ್ರು ಹೊದಿಕೆಯೊಳಗಿಂದ ಬಲಗೈ ಎತ್ತಿದರು. ಸದ್ದು ಪೂರ್ತಿ ಅಡಗುವವರೆಗೆ ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಕೈ ಇಳಿಸಿ, "ಹಾಂ, ಈಗ ಹೇಳು" ಎಂದರು.

"ಎಂತ ಇಲ್ಲ ಮಾಸ್ಟ್ರೇ" ಎಂದೆ.

ಅವರು ಇನ್ನೂ ಸ್ವಲ್ಪ ಹೊತ್ತು ಕಾದರು. ಆ ವಾರವೇ ತೀರಿಕೊಂಡರು.